ಗಂಟಲಮ್ಮನ ಕೂಗು
ಮನೋವೈದ್ಯರ ಕೋಣೆಯ ಹೊರಗೆ ಕೂತು ಸರದಿಯಂತೆ ಹೆಸರು ಕೂಗುವಾಕೆಯನ್ನು ಎಲ್ಲರೂ ಕರೆಯುವುದು ಗಂಟಲಮ್ಮ ಅಂತಲೇ. ಆಕೆ ಬಾಯಿ ತೆರೆದರೆ ಎದುರು ಸಲೂನಿನ ಕತ್ತರಿ ನಿಲ್ಲುತ್ತದೆ. ಅದೇ ಹೆಸರಿನ ದಾರಿಹೋಕರು ಗಾಬರಿಬಿದ್ದು ಒಳಗೆ ಬಂದುಬಿಡುತ್ತಾರೆ. “ಸ್ವಲ್ಪ ಮೆಲ್ಲಗೆ ಕಣಮ್ಮಾ” ಎಂದು ಡಾಕ್ಟರು ಗೋಗರೆದರೆ, “ಮೆಲ್ಲಗೇ ಕರೆದದ್ದು ಸಾರ್!” ಎಂದು ಅರಚುತ್ತಾಳೆ. ಕುರ್ಚಿ ಬಿಟ್ಟು ಏಳುವ ಜಾಯಮಾನ ಅವಳದಲ್ಲವೇ ಅಲ್ಲ. ಅಂಥವಳು ಇವತ್ತು ಚೀಟಿಯಲ್ಲಿದ್ದ ಗಂಡು ಹೆಸರನ್ನೂ, ಅದನ್ನೆಲ್ಲಿ ಕೂಗಿಬಿಡುತ್ತಾಳೋ ಎಂದು ಮೂಲೆಯಲ್ಲಿ ಮುದುರಿ ಕೂತಿದ್ದ, ಹೊಸದಾಗಿ ಕಿವಿ ಚುಚ್ಚಿಸಿಕೊಂಡ ಹುಡುಗಿಯನ್ನೂ ನೋಡಿ, ಎದ್ದು ಹೋಗಿ ಆ ಕಿವಿಯಲ್ಲೇ ಕೇಳಿದಳು: “ನಿನ್ನನ್ನ ಏನಂತ ಕರೀಲಮ್ಮಾ?” ಹುಡುಗಿ ತಾನೇ ಇಟ್ಟುಕೊಂಡಿದ್ದ ಹೆಸರನ್ನು ಪಿಸುಗುಟ್ಟಿದಳು. ಗಂಟಲಮ್ಮ ಕುರ್ಚಿಗೆ ಮರಳಿ, ಬೀದಿಗೆಲ್ಲ ಕೇಳುವಂತೆ ಅದನ್ನು ಕೂಗಿದಳು. ಹುಡುಗಿ ಏಳಲಿಲ್ಲ. “ಕೇಳಿಸಲಿಲ್ವೇನೇ?” “ಕೇಳಿಸ್ತು ಅಮ್ಮಾ. ಇನ್ನೊಂದ್ಸಲ ಕರೀರಿ, ಜೋರಾಗಿ.”