ವರ್ಷಕ್ಕೊಂದು ಸಾಲು

ಚರ್ಚಿನಲ್ಲಿ ಯೇಸುವಿನ ನೆನಪಿಗೆ ರೊಟ್ಟಿ ಹಂಚುವ ಕರ್ತನ ಭೋಜನದ ದಿನ ಕಾಕಾ ವೇದಿಕೆಯ ಮುಂದೆ ಮೊಣಕಾಲೂರಿದರೆ ಹಿಂದೆ ಕುಳಿತವರಿಗೆ ಅವರ ಹಿಮ್ಮಡಿಗಳೇ ಕಾಣುತ್ತಿದ್ದವು. ಎಷ್ಟು ತಿಕ್ಕಿ ತೊಳೆದರೂ ಬಿರುಕುಗಳಲ್ಲಿ ಎರೆಮಣ್ಣು ಕಪ್ಪಗೆ ಉಳಿದಿರುತ್ತಿತ್ತು. ಅಣ್ಣಿಗೇರಿ ಕಡೆಯ ನಮ್ಮ ಪುಟ್ಟ ಸಭೆಗೆ ಅವರು ಹಿರಿಯರು. ನನಗೆ ಬಾಜೂ ಹೊಲದವರು. ಊರಿಗೆಲ್ಲ ಕಾಕಾ. ಪ್ರಾರ್ಥನೆಯನ್ನು ಉದ್ದ ಎಳೆಯುವವರನ್ನು ಕಂಡರೆ, “ದೇವರಿಗೂ ಕೆಲಸ ಇರತಾವೋ ತಮ್ಮಾ” ಎಂದು ಗೊಣಗುತ್ತಿದ್ದರು.

ಉದ್ದ ಎಳೆಯುವವರಲ್ಲಿ ನಾನೇ ಮೊದಲಿಗ. ಭಾನುವಾರ ಎದ್ದು ನಿಂತು ಸತ್ಯವೇದ ಓದುವವನೂ ನಾನೇ. ಅದೇ ನಾನು ಬಿತ್ತನೆಗೆ ಮುಂಚೆ ಟ್ರ್ಯಾಕ್ಟರ್ ಹೊಡೆಯುವಾಗ ನಮ್ಮಿಬ್ಬರ ಹೊಲದ ನಡುವಿನ ಬದುವನ್ನು ಕಾಕಾನ ಕಡೆಗೆ ಒಂದು ಸಾಲು ಒತ್ತುತ್ತಿದ್ದೆ. ವರ್ಷಕ್ಕೆ ಒಂದೇ. ಒಂದು ಸಾಲು ಯಾರ ಕಣ್ಣಿಗೆ ಬೀಳುತ್ತದೆ? ಮೊದಲ ವರ್ಷ ಎದೆ ಹೊಡೆದುಕೊಂಡಿತು. ಎರಡನೇ ವರ್ಷ ಗಾಲಿ ತಾನೇ ಜಾರಿತು ಎಂದುಕೊಂಡೆ. ನಾಲ್ಕನೇ ವರ್ಷ ಏನೂ ಅನ್ನಿಸಲೇ ಇಲ್ಲ. ಈಗ ನೆನೆದರೆ ಹೆದರಿಕೆಯಾಗುವುದು ಆ ನಾಲ್ಕನೇ ವರ್ಷದ್ದೇ.

ನಮ್ಮ ಸಭೆಯಲ್ಲೊಂದು ರೂಢಿ. ಕರ್ತನ ಭೋಜನದ ಹಿಂದಿನ ಶನಿವಾರ, ಯಾರೊಂದಿಗೆ ಮನಸ್ಸು ಕೆಟ್ಟಿದೆಯೋ ಅವರ ಮನೆಗೆ ಹೋಗಿ ತಿಳಿ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ರೊಟ್ಟಿಗೆ ಕೈಯೊಡ್ಡಬಾರದು. ಕಾಕಾ ಬಂದಾರೆಂದು ಮೊದಮೊದಲು ಹೆದರುತ್ತಿದ್ದೆ, ಬರುತ್ತಿರಲಿಲ್ಲ. ಆ ನಾಲ್ಕನೇ ವರ್ಷ ಕಡಲೆ ಹೂ ಬಿಟ್ಟಿದ್ದಾಗ ಬಂದೇಬಿಟ್ಟರು. ಇನ್ನು ಸಭೆಯೆದುರು ಪುಸ್ತಕ ಹಿಡಿದು ನಿಲ್ಲುವ ಮಾತು ಮುಗಿಯಿತು ಎಂದುಕೊಂಡೆ.

ಹೆಂಡತಿ ತಂದಿಟ್ಟ ಚಹಾ ಮುಟ್ಟದೆ ಕಾಕಾ ಹೇಳಿದರು: “ತಮ್ಮಾ, ನಿನ್ನ ಕ್ಷಮಾ ಕೇಳಾಕ ಬಂದೇನಿ. ನೀ ಬದು ಒತ್ತೂದು ಮೊದಲನೇ ವರ್ಷನ ಗೊತ್ತಾಗಿತ್ತು. ಸುಮ್ಮನಿದ್ದೆ. ಮಂದಿ ಅದಕ್ಕ ತಾಳ್ಮಿ ಅಂದಾರು. ತಾಳ್ಮಿ ಅಲ್ಲದು. ನೀ ಓದಾಕ ನಿಂತಾಗೆಲ್ಲಾ, ನಾ ಇವನಕಿಂತ ಚಲೋ ಮನಶ್ಯಾ ಅಂತ ಒಳಗೊಳಗ ಖುಷಿ ಪಡತಿದ್ದೆ. ಆ ರುಚಿ ನನ್ನ ಬಿಡವಲ್ದು.”

“ಮತ್ತ ಬದುವಿಂದು ಏನರಿ, ಕಾಕಾ?”

“ಅದು ನಿಂದು. ನಾ ನಂದು ಹೇಳೇನಿ.”

ಅತ್ತುಬಿಟ್ಟೆ. ಒತ್ತಿದ್ದು ಹೌದೆಂದು ಬಾಯಿಬಿಟ್ಟೆ. ಈಗಲೇ ಬದು ಹಿಂದಕ್ಕೆ ಹಾಕುತ್ತೇನೆಂದು ಗುದ್ದಲಿಗೆ ಎದ್ದವನನ್ನು ಕಾಕಾ ಕೈಹಿಡಿದು ಕೂಡಿಸಿದರು.

“ಹೂವಿನ ಕಡ್ಲಿ ಯಾಕ ಕೆಡಸ್ತಿ? ಬೆಳಿ ತಗದ ಮ್ಯಾಲ ಇಬ್ಬರೂ ಕೂಡಿ ಹಾಕೂಣು.”

“ಅಲ್ಲೀತನಕಾ ನಾ ಯಾವ ಮಾರಿ ಇಟಗೊಂಡು ರೊಟ್ಟಿಗೆ ಕೈ ಒಡ್ಡಲಿರಿ?”

“ತೊಳಕೊಂಡು ಬಾ ಅಂದವರ್ಯಾರು? ತೊಳಸ್ಕೊಳ್ಳಾಕ ಬಾ.”

ಆರಿಹೋದ ಚಹಾ ಕುಡಿದು ಎದ್ದು ಹೋದರು.

ಮರುದಿನ ಅವರ ಬಾಜೂ ಮೊಣಕಾಲೂರಿದೆ. ಹುಟ್ಟಿದಾಗಿನಿಂದ ಕೃಪೆ, ಕೃಪೆ ಎಂದು ಹಾಡಿದವನು ನಾನು. ಅದು ಇಷ್ಟು ದೊಡ್ಡದೆಂದು ಗೊತ್ತಿರಲಿಲ್ಲ. ರೊಟ್ಟಿಯ ತುಣುಕು ಅಂಗೈಗೆ ಬಿದ್ದಾಗ ನಿಜವಾಗಿ ಹೆದರಿದೆ. ಸುಗ್ಗಿ ಮುಗಿದ ಮೇಲೆ ಇಬ್ಬರೂ ಕೂಡಿ ಬದುವನ್ನು ಹಳೆಯ ಜಾಗಕ್ಕೇ ಹಾಕಿದೆವು.

ಹೋದ ವರ್ಷ ಕಾಕಾ ತೀರಿಕೊಂಡರು. ಮಣ್ಣು ಮಾಡಿ ಬಂದ ಮೂರನೇ ದಿನ ಅವರ ಒಬ್ಬಳೇ ಮಗಳು ಮನೆಗೆ ಬಂದಳು. ಹುಬ್ಬಳ್ಳಿಯಲ್ಲಿ ನರ್ಸ್ ಆಗಿರುವಾಕೆ.

“ಅಣ್ಣಾ, ನಮ್ಮ ಹೊಲಾ ನೀವ ಪಾಲಿಗೆ ಮಾಡಬೇಕಂತರಿ. ಬ್ಯಾರೆಯವರಿಗೆ ಕೊಡಬ್ಯಾಡ ಅಂದಾನ ಅಪ್ಪ.”

“ಬದುವಿಂದು ಹೇಳಿಲ್ಲೇನವ್ವಾ ಅವರು?”

“ಯಾವ ಬದುರಿ?”

ಅಲ್ಲಿಗೇ ಬಿಡಬಹುದಿತ್ತು; ಬಿಡು ಎಂದೇ ಮನಸ್ಸು ಜಗ್ಗಿತು. ಆಕೆಯನ್ನು ಕೂಡಿಸಿ ನಾಲ್ಕೂ ವರ್ಷದ್ದನ್ನು ಹೇಳಿದೆ. ಆಕೆ ಎದ್ದು ಹೊರಗೆ ಹೋಗಿ ಚಪ್ಪಲಿ ಮೆಟ್ಟಿದಳು. ಆಮೇಲೆ ಕೇಳಿದಳು:

“ನಮ್ಮ ಹೊಲದ ಬಿತ್ತಿಗಿ ಯಾವಾಗ ಹಿಡಿತೀರಿ ಅಣ್ಣಾ?”