ಹದಿನೇಳನೇ ಸಾಲಿನ ಉಡುಗೊರೆ

ಅಪ್ಪನ ಅಕ್ಕ, ಅಂದರೆ ನನ್ನ ಸೋದರತ್ತೆ, ಮೂವತ್ತೊಂದು ವರ್ಷ ಲಿಫ್ಟ್ ಇನ್‌ಸ್ಪೆಕ್ಟರ್ ಆಗಿದ್ದಳು. ಆಸ್ಪತ್ರೆ, ಹೋಟೆಲು, ಸರ್ಕಾರಿ ಕಟ್ಟಡ, ಎಲ್ಲಿ ಲಿಫ್ಟ್ ಇದೆಯೋ ಅಲ್ಲಿ ವರ್ಷಕ್ಕೊಮ್ಮೆ ಅವಳ ಪಾದ ಬೀಳಲೇಬೇಕು. ಕೈಯಲ್ಲಿ ಟಾರ್ಚು, ಕಾಲಲ್ಲಿ ಗಂಡಸರ ಕಪ್ಪು ಬೂಟು. ಉಕ್ಕಿನ ಹಗ್ಗದಲ್ಲಿ ಎಷ್ಟು ಎಳೆ ಹರಿದಿವೆ ಅಂತ ಒಂದೊಂದಾಗಿ ಎಣಿಸುವಳು. ಬಾಗಿಲ ಸಂದಿ ಬೆರಳಷ್ಟು ಹೆಚ್ಚಿದ್ದರೂ ಲಿಫ್ಟಿಗೆ ಬೀಗ ಹಾಕಿಸಿಯೇ ಹೊರಡುವಳು. ಕಟ್ಟಡದವರು ಕೊಟ್ಟ ಒಂದು ಲೋಟ ಟೀಯನ್ನೂ ಮುಟ್ಟಿದವಳಲ್ಲ. ಕುಡಿದರೆ ಆಮೇಲೆ ‘ನಿಮ್ಮ ಲಿಫ್ಟ್ ಸರಿಯಿಲ್ಲ’ ಅನ್ನಲು ನಾಲಿಗೆ ಹೊರಳುವುದಿಲ್ಲವಂತೆ.

ಇಷ್ಟು ನೆಟ್ಟಗಿದ್ದ ಹೆಂಗಸು ವಿಮಾನ ಹತ್ತಿದ ತಕ್ಷಣ ಚಮಚ ಕದಿಯುತ್ತಿದ್ದಳು.

ಕದಿಯುವುದು ಅನ್ನುವುದು ನನ್ನ ಮಾತು. ಅವಳ ಲೆಕ್ಕದಲ್ಲಿ ಅದು ಬರೀ ಸ್ಥಳಾಂತರ. ಕೆಲಸದ ಮೇಲೆ ತಿಂಗಳಿಗೆರಡು ಸಲ ಊರೂರು ಹಾರಬೇಕಿತ್ತು, ಊಟದ ತಟ್ಟೆ ಮಡಿಲ ಹತ್ತಿರ ತಾನಾಗಿ ಬರುತ್ತಿತ್ತು, ತಟ್ಟೆಯ ಮೇಲೆ ಕಂಪನಿಯ ಗುರುತು ಕೊರೆದ ಚಮಚ ಮಲಗಿರುತ್ತಿತ್ತು. ಅದನ್ನು ಒರೆಸಿ ಕೈಚೀಲಕ್ಕೆ ಇಳಿಸಿದರೆ ಪಾಪ ಹೇಗೆ ತಗಲುತ್ತದೆ ಅನ್ನುವುದು ಅವಳ ವಾದ. ಚಮಚದ ಹಿಂದೆಯೇ ಉಪ್ಪಿನ ಪೊಟ್ಟಣ, ಸಕ್ಕರೆ ಪೊಟ್ಟಣ, ಕರವಸ್ತ್ರ, ಬೋರ್ಡಿಂಗ್ ಪಾಸು, ವಾಂತಿ ಚೀಲ ಎಲ್ಲವೂ ಬಂದವು. ಅಪಾಯ ಬಂದಾಗ ಏನು ಮಾಡಬೇಕೆಂದು ಚಿತ್ರ ಬರೆದಿರುವ ದಪ್ಪ ಹಾಳೆಯನ್ನು ಮಾತ್ರ ಸೀಟಿನ ಜೇಬಿನಲ್ಲಿ ಎರಡಿದ್ದರೆ ಒಂದು ತರುತ್ತಿದ್ದಳು. ಒಂದೇ ಇದ್ದರೆ ಮುಟ್ಟುತ್ತಿರಲಿಲ್ಲ. ನೆಂಟರೆಲ್ಲ ಅವಳಿಗೆ ಚಮಚದತ್ತೆ ಅಂತ ಹೆಸರಿಟ್ಟರು. ಅವಳ ಮನೆಗೆ ಊಟಕ್ಕೆ ಹೋದರೆ ಪಾಯಸವನ್ನು ಹನ್ನೊಂದು ಕಂಪನಿಗಳ ಚಮಚದಲ್ಲಿ ತಿನ್ನಬಹುದಿತ್ತು. ಆಮೇಲೆ ವಿಮಾನದವರು ಮರದ ಚಮಚ ಕೊಡಲು ಶುರುಮಾಡಿದರು, ಇವಳು ಆ ಚಾಳಿ ಬಿಟ್ಟಳು. ಬುದ್ಧಿ ಬಂದು ಬಿಟ್ಟಿದ್ದಲ್ಲ, ಮರದ್ದು ಚೆನ್ನಾಗಿರಲಿಲ್ಲ.

ಮಾವನ ಕಸುಬು ಹಲ್ಲಿನ ಸೆಟ್ಟು ಮಾಡುವುದು. ಡಾಕ್ಟರುಗಳು ಅಚ್ಚು ಕಳಿಸುತ್ತಿದ್ದರು, ಇವರು ಮನೆಯ ಮುಂದಿನ ಕೋಣೆಯಲ್ಲಿ ಕೂತು ಉಜ್ಜಿ, ತಿದ್ದಿ, ಹೊಳಪು ಕೊಟ್ಟು ವಾಪಸು ಕಳಿಸುತ್ತಿದ್ದರು. ಹಾಗಾಗಿ ಆ ಕೋಣೆಯ ಒಂದು ಗೋಡೆಯುದ್ದಕ್ಕೂ ಸುಣ್ಣದ ದವಡೆಗಳು ನಗುತ್ತಾ ನಿಂತಿರುತ್ತಿದ್ದವು. ಎದುರಿನ ಗೋಡೆಗೆ ಅತ್ತೆಯ ಗಾಜಿನ ಬೀರು. ಅದರ ಮೇಲಿನ ಎರಡು ಅರೆಗಳಲ್ಲಿ ನೂರ ನಲವತ್ತು ವಾಂತಿ ಚೀಲಗಳು, ದೇಶದ ಪ್ರಕಾರ, ಬಣ್ಣದ ಪ್ರಕಾರ. ಹಲ್ಲು ಸರಿಯಾಗಿ ಕೂತಿದೆಯೋ ನೋಡಲು ಬಂದವರು ಆ ಬೀರುವಿನ ಕಡೆಗೇ ಮುಖಮಾಡಿ ಬಾಯಿ ತೆರೆಯಬೇಕಿತ್ತು.

ಒಂದು ಸಲ ನನ್ನ ಚಿಕ್ಕಪ್ಪನ ಮಗಳು ಊಟ ಹೆಚ್ಚಾಗಿ ಹೊಟ್ಟೆ ತೊಳಸುತ್ತಿದೆ ಅಂತ ಬಾಯಿಗೆ ಕೈ ಅಡ್ಡ ಹಿಡಿದು ಓಡಿ ಬಂದಳು. ನಾನು ಬೀರು ತೆಗೆದು ಕೈಗೆ ಸಿಕ್ಕ ಚೀಲ ಕೊಟ್ಟೆ. ಅತ್ತೆ ಅಡುಗೆಮನೆಯಿಂದಲೇ ನೋಡಿ, ಅದು ಬೇಡ, ಆ ಕಂಪನಿ ಮುಚ್ಚಿಹೋಗಿದೆ, ಇನ್ನೊಂದು ಸಿಗುವುದಿಲ್ಲ ಅಂದಳು. ಯಾವುದನ್ನು ಕೊಡಬಹುದು ಅಂತ ಅವಳು ಆರಿಸುವಷ್ಟರಲ್ಲಿ ಕೆಲಸ ಮಾವನ ಚಪ್ಪಲಿಯ ಮೇಲೆ ಮುಗಿದಿತ್ತು. ಮಾವ ಎದ್ದು ಚಪ್ಪಲಿ ತೊಳೆಯಲು ಹೋದರು. ಅವರು ಅಂಥವರು. ಬೇರೆಯವರ ಬಾಯಿ ನೋಡಿ ನೋಡಿ ತಮ್ಮದನ್ನು ಮುಚ್ಚಿಕೊಂಡಿರಲು ಕಲಿತಿದ್ದರು.

ಅವರ ಮದುವೆಯ ಇಪ್ಪತ್ತೈದನೇ ವರ್ಷ ಎಲ್ಲ ಶುರುವಾದದ್ದು. ಹಲ್ಲಿಗೆ ಬಳಸುವ ಹೊಸ ಸಾಮಾನಿನ ಬಗ್ಗೆ ಮೂರು ದಿನದ ತರಬೇತಿಗೆ ಅಂತ ಒಂದು ಕಂಪನಿ ಮಾವನನ್ನು ದೂರದ ಊರಿಗೆ ವಿಮಾನದಲ್ಲಿ ಕರೆಸಿಕೊಂಡಿತು. ಹೊರಡುವಾಗ ಅತ್ತೆ, ಬೋರ್ಡಿಂಗ್ ಪಾಸು ಕಳೆಯಬೇಡಿ, ಚೀಲ ಮಡಚಬೇಡಿ ಅಂತ ಹತ್ತು ಸಲ ಹೇಳಿ ಕಳಿಸಿದಳು. ಶನಿವಾರ ಮಧ್ಯಾಹ್ನ ವಾಪಸಾದರು. ಭಾನುವಾರ ಅವರ ಮದುವೆಯ ದಿನ. ನಾನೂ ಅಪ್ಪನೂ ಊಟಕ್ಕೆ ಹೋಗಿದ್ದೆವು.

ಊಟ ಆದಮೇಲೆ ಮಾವ ಒಳಗಿನಿಂದ ಬಣ್ಣದ ಕಾಗದ ಸುತ್ತಿದ ಒಂದು ಗಂಟು ತಂದು ಅತ್ತೆಯ ಮುಂದಿಟ್ಟರು. ಮೊದಲ ಸಲ ಮಾತು ಕಲಿತ ಮಗುವಿನ ಮುಖ. ಅತ್ತೆ ಕಾಗದ ಬಿಚ್ಚಿದಳು. ಹಳದಿ ಬಣ್ಣದ, ಮಡಚಿ ಮೊಹರು ಹಾಕಿದ, ಒಂದು ಮೂಲೆಯಲ್ಲಿ ಸೀಟಿ ಕಾಣುವ ವಸ್ತು. ವಿಮಾನ ನೀರಿಗೆ ಬಿದ್ದರೆ ತೊಟ್ಟುಕೊಂಡು ತೇಲುವ ಅಂಗಿ, ಲೈಫ್ ಜಾಕೆಟ್ಟು.

“ಇದು ಎಲ್ಲಿತ್ತು?” ಅಂದಳು ಅತ್ತೆ.

“ನನ್ನ ಸೀಟಿನ ಕೆಳಗೆ. ಪಟ್ಟಿ ಎಳೆದೆ, ಬಂತು. ನಿನ್ನ ಬೀರುವಿನಲ್ಲಿ ಇದೊಂದು ಇರಲಿಲ್ಲ ನೋಡು.”

“ಯಾಕಿಲ್ಲ ಅಂತ ಇಪ್ಪತ್ತೈದು ವರ್ಷದಲ್ಲಿ ಒಂದು ಸಲವಾದರೂ ಯೋಚನೆ ಮಾಡಿದ್ರಾ?”

“ಸಿಕ್ಕಿರಲಿಕ್ಕಿಲ್ಲ ಅಂದ್ಕೊಂಡೆ.”

ಅಪ್ಪ ನಕ್ಕುಬಿಟ್ಟರು. ಅತ್ತೆ ನಗಲಿಲ್ಲ. ಆ ಗಂಟನ್ನು ಹಾಗೇ ತಿರುಗಿಸಿ ತಿರುಗಿಸಿ ನೋಡಿದಳು, ಮೊಹರು ಒಡೆದಿಲ್ಲವೆಂದು ಖಚಿತ ಮಾಡಿಕೊಂಡಳು. ಆಮೇಲೆ ತಗ್ಗಿದ ದನಿಯಲ್ಲಿ, “ಆ ಸೀಟಲ್ಲಿ ಇವತ್ತು ಯಾರೋ ಕೂತಿದ್ದಾರೆ ಕಣ್ರೀ” ಅಂದಳು.

ಮಾವನಿಗೆ ಅದು ಹೊಳೆದೇ ಇರಲಿಲ್ಲ. ಮನೆಯಲ್ಲಿ ಚಮಚ ಇದ್ದ ಹಾಗೆ ಇದೂ ಒಂದು ಅಂದುಕೊಂಡಿದ್ದ ಮನುಷ್ಯ ಕೂತಲ್ಲೇ ಸಣ್ಣಗಾದರು. ಅತ್ತೆ ಒಳಗೆ ಹೋಗಿ ರೇಷ್ಮೆ ಸೀರೆ ಬದಲಿಸಿ, ಕೆಲಸದ ಬೂಟು ಹಾಕಿಕೊಂಡು ಬಂದಳು. ಸೀಟಿನ ನಂಬರು ಕೇಳಿದಳು. ಹದಿನೇಳು ಎ. ಬೋರ್ಡಿಂಗ್ ಪಾಸನ್ನು ಮಾವ ಅತ್ತೆ ಹೇಳಿದ ಹಾಗೆ ಜೋಪಾನ ಮಾಡಿದ್ದರು, ಅದೊಂದು ಪುಣ್ಯ. ಅಪ್ಪ ಮನೆಯಲ್ಲೇ ಉಳಿದರು. ನಾನು ಕಾರು ಓಡಿಸಿದೆ. ಹಿಂದಿನ ಸೀಟಿನಲ್ಲಿ ಮಾವ ಆ ಗಂಟನ್ನು ಹೆತ್ತ ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು.

ವಿಮಾನ ನಿಲ್ದಾಣದಲ್ಲಿ ಕದ್ದದ್ದನ್ನು ಕೊಡುವುದು ಕದಿಯುವುದಕ್ಕಿಂತ ಕಷ್ಟ ಅಂತ ಅವತ್ತು ಗೊತ್ತಾಯಿತು. ಕಂಪನಿಯ ಕೌಂಟರಿನಲ್ಲಿದ್ದ ಹುಡುಗಿ ನಗುನಗುತ್ತಾ, “ಏನು ಕಳ್ಕೊಂಡಿದ್ದೀರಾ ಮೇಡಂ?” ಅಂದಳು.

“ನಾವಲ್ಲಮ್ಮ, ನೀವು ಕಳ್ಕೊಂಡಿದ್ದೀರಿ.”

ಹುಡುಗಿ ಗಂಟು ನೋಡಿದಳು, ಮಾವನನ್ನು ನೋಡಿದಳು, ನಗುವನ್ನು ಎಲ್ಲಿಡಬೇಕೋ ತಿಳಿಯದೆ ಒಳಗೆ ಹೋಗಿ ಟೈ ಕಟ್ಟಿದ ಮ್ಯಾನೇಜರನ್ನು ಕರೆತಂದಳು. ಅವರ ಬಳಿ ಕಳೆದುಹೋದ ಸಾಮಾನಿಗೆ ಒಂದು ಫಾರಂ ಇತ್ತು, ಸಿಕ್ಕಿದ ಸಾಮಾನಿಗೆ ಇನ್ನೊಂದು. ತೆಗೆದುಕೊಂಡು ಹೋಗಿ ಮರುದಿನ ತಂದದ್ದಕ್ಕೆ ಯಾವುದೂ ಇರಲಿಲ್ಲ. ಮ್ಯಾನೇಜರು ಸಭ್ಯಸ್ಥ, ರಗಳೆ ಬೇಡದವನು. ಇಲ್ಲಿ ಬಿಟ್ಟು ಹೋಗಿ, ನೋಡಿಕೊಳ್ಳುತ್ತೇವೆ ಅಂದ.

ಆ ‘ನೋಡಿಕೊಳ್ಳುತ್ತೇವೆ’ಯನ್ನು ಅತ್ತೆ ಕೆಲಸಕ್ಕೆ ಸೇರಿದಾಗಿನಿಂದ ಕೇಳುತ್ತಾ ಬಂದವಳು. ಹಗ್ಗ ಹರಿಯುವಂತಿದ್ದ ಲಿಫ್ಟುಗಳ ಮಾಲೀಕರೆಲ್ಲ ಹೇಳುತ್ತಿದ್ದದ್ದು ಅದನ್ನೇ. ಅವಳು ಕುರ್ಚಿ ಎಳೆದುಕೊಂಡು ಕೂತಳು. ಆ ವಿಮಾನ ಈಗ ಎಲ್ಲಿದೆ, ಹದಿನೇಳು ಎ ಸೀಟಿನ ಕೆಳಗೆ ಏನಿದೆ, ಇವೆರಡು ಗೊತ್ತಾಗುವ ತನಕ ಏಳುವುದಿಲ್ಲ ಅಂದಳು. ಮ್ಯಾನೇಜರು ಹಾಗಾದರೆ ಪೊಲೀಸರನ್ನು ಕರೆಯಬೇಕಾಗುತ್ತದೆ, ಇದು ಅಪರಾಧ ಅಂತ ಹೆದರಿಸಿ ನೋಡಿದ.

“ಕರೀರಿ. ಆದರೆ ಮೊದಲು ಆ ಸೀಟು ನೋಡಿಸಿ” ಅಂದಳು ಅತ್ತೆ.

ಮಾವ ನನ್ನ ಕೈ ಹಿಡಿದುಕೊಂಡರು.

ಅಷ್ಟರಲ್ಲಿ ಕಿತ್ತಳೆ ಬಣ್ಣದ ಜಾಕೆಟ್ಟು ತೊಟ್ಟ ಎಂಜಿನಿಯರ್ ಒಬ್ಬರು ಬಂದರು, ವಯಸ್ಸಾದವರು, ಉಗುರಿನ ತುದಿಯಲ್ಲಿ ಗ್ರೀಸು. ಅವರು ಅತ್ತೆಯ ಬೂಟು ನೋಡಿ, ನೀವು ಏನು ಕೆಲಸ ಮಾಡ್ತೀರಿ ಅಂತ ಕೇಳಿದರು. ಲಿಫ್ಟು ಅಂದಳು. ಅವರು ಮತ್ತೇನೂ ಕೇಳದೆ ಫೋನು ಎತ್ತಿದರು. ವಿಮಾನ ಇನ್ನೊಂದು ಊರಿನಲ್ಲಿತ್ತು; ಸಮುದ್ರ ದಾಟಿ ಹೋಗಲು ಜನ ಹತ್ತುತ್ತಿದ್ದರು. ಆ ಕಡೆಯವರು ಹೋಗಿ ನೋಡಿದರು. ಹದಿನೇಳು ಎ ಸೀಟಿನ ಕೆಳಗಿನ ಚೀಲ ಖಾಲಿ. ಹೇಗೂ ಬಂದದ್ದಾಯಿತು ಅಂತ ಎಲ್ಲ ಸೀಟುಗಳನ್ನೂ ನೋಡಿದರು. ಇಪ್ಪತ್ತೆರಡು ಸಿ ಕೂಡ ಖಾಲಿ.

ಎಂಜಿನಿಯರ್, ಮ್ಯಾನೇಜರು, ಕೌಂಟರಿನ ಹುಡುಗಿ, ಅತ್ತೆ, ಎಲ್ಲರೂ ಒಟ್ಟಿಗೆ ಮಾವನ ಕಡೆ ತಿರುಗಿದರು. ನಾನೂ ತಿರುಗಿದೆ, ಸುಳ್ಳು ಯಾಕೆ ಹೇಳಲಿ.

“ಅದು ನಾನಲ್ಲ” ಅಂದರು ಮಾವ. “ನಾನು ಒಂದೇ.”

ಬೇರೆ ಎರಡು ಜಾಕೆಟ್ಟು ತಂದು ಇಟ್ಟು ವಿಮಾನ ನಲವತ್ತು ನಿಮಿಷ ತಡವಾಗಿ ಹೊರಟಿತು. ಅದರಲ್ಲಿದ್ದವರು ಯಾಕೆ ತಡ ಅಂತ ಬೈದುಕೊಂಡೇ ಹೋಗಿರುತ್ತಾರೆ. ಪೊಲೀಸಿನವನೂ ಬಂದ. ಮಾವನಿಂದ ಹೇಳಿಕೆ ಬರೆಸಿಕೊಂಡ. ಅವರು ಮುತ್ತಿನಂಥ ಅಕ್ಷರದಲ್ಲಿ ಎರಡು ಪುಟ ಬರೆದು, ಪಟ್ಟಿಯನ್ನು ಯಾವ ಕಡೆಗೆ ಎಳೆದೆ ಅಂತ ಕೆಳಗೆ ಚಿತ್ರವನ್ನೂ ಬಿಡಿಸಿದರು. ತಮ್ಮ ಹತ್ತೊಂಬತ್ತು ವರ್ಷದ ಕೆಲಸದಲ್ಲಿ ಇಂಥವು ಹೋದದ್ದು ಲೆಕ್ಕವಿಲ್ಲ, ವಾಪಸು ಬಂದದ್ದು ಇದೊಂದೇ ಅಂತ ಎಂಜಿನಿಯರ್ ಹೇಳಿದ ಮೇಲೆ ಪೊಲೀಸಿನವನು ಎಚ್ಚರಿಕೆ ಕೊಟ್ಟು ಬಿಟ್ಟ. ಕಂಪನಿ ಮಾತ್ರ ಬಿಡಲಿಲ್ಲ. ಒಂದು ವರ್ಷ ತನ್ನ ವಿಮಾನ ಹತ್ತಬಾರದು ಅಂತ ಕಾಗದ ಕಳಿಸಿತು.

ಅವತ್ತು ಮನೆಗೆ ಬರುವ ದಾರಿಯಲ್ಲಿ ಮಾವನೇ ಮೊದಲು ಬಾಯಿಬಿಟ್ಟರು. “ನಾನು ಕೊಟ್ಟ ಯಾವ ಉಡುಗೊರೆಗೂ ನೀನು ಇಷ್ಟು ಓಡಾಡಿರಲಿಲ್ಲ.” ಅತ್ತೆ ಕಿಟಕಿಯ ಕಡೆ ಮುಖ ತಿರುಗಿಸಿದಳು. ಅವಳ ಭುಜ ಅಲುಗುತ್ತಿತ್ತು. ಅತ್ತಳೋ ನಕ್ಕಳೋ ಕನ್ನಡಿಯಲ್ಲಿ ನನಗೆ ಕಾಣಲಿಲ್ಲ.

ಆ ವಾರವೇ ಅವಳು ಬೀರು ಪೂರ್ತಿ ಖಾಲಿ ಮಾಡಿ ತನ್ನ ಸಂಗ್ರಹಕ್ಕೆ ತಾನೇ ಇನ್‌ಸ್ಪೆಕ್ಷನ್ ಹಾಕಿದಳು. ಒಂದೊಂದು ವಸ್ತುವನ್ನೂ ಎತ್ತಿ, ಇದು ಇಲ್ಲದೆ ಯಾರಿಗಾದರೂ ಅಪಾಯ ಆಗುತ್ತಿತ್ತೇ ಅಂತ ಕೇಳಿಕೊಂಡಳು. ವಾಂತಿ ಚೀಲ ಪಾಸಾಯಿತು, ಚಮಚ ಪಾಸಾಯಿತು. ಕೆಳಗಿನ ಅರೆಯ ಹಿಂದಿನಿಂದ ಮಾವ ಒಂದು ತುಂಡು ಪಟ್ಟಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. ದಪ್ಪಗಿದ್ದವರಿಗೆ ಸೀಟಿನ ಬೆಲ್ಟು ಸಾಲದೆ ಹೋದರೆ ಜೋಡಿಸಿಕೊಡುವ ಪಟ್ಟಿ ಅದು.

“ಇದು?”

ಅತ್ತೆ ಕೆಂಪಗಾದಳು. “ಆಗ ನಾನು ಕೆಲಸಕ್ಕೆ ಹೊಸಬಳು” ಅಂದಳು.

ವಾಪಸು ಕೊಡೋಣವೆಂದರೆ ಆ ಕಂಪನಿ ಮುಳುಗಿ ಹನ್ನೆರಡು ವರ್ಷವಾಗಿತ್ತು. ಅಲ್ಲಿಂದ ಮಾವನಿಗೆ ಬ್ರಹ್ಮಾಸ್ತ್ರ ಸಿಕ್ಕಿದ ಹಾಗಾಯಿತು. ಅತ್ತೆ ಯಾವುದಕ್ಕೆ ಬೈದರೂ ಅವರು ತಲೆ ಎತ್ತದೆ “ಪಟ್ಟಿ” ಅನ್ನುತ್ತಿದ್ದರು, ಅವಳು ಸುಮ್ಮನಾಗುತ್ತಿದ್ದಳು. ಅವರಿಬ್ಬರ ಸಂಸಾರದಲ್ಲಿ ಸಮಬಲ ಬಂದದ್ದು ಆಮೇಲೆಯೇ ಅಂತ ಅಪ್ಪ ಹೇಳುತ್ತಾರೆ. ಬೀರುವಿನ ತಳದಲ್ಲಿದ್ದ ವಿಮಾನದ ಎರಡು ಕಂಬಳಿಗಳೂ ಪರೀಕ್ಷೆಯಲ್ಲಿ ಫೇಲಾದವು, ಚಳಿಗೆ ಯಾರಾದರೂ ನಡುಗಿರಬಹುದು ಅನ್ನುವ ಕಾರಣಕ್ಕೆ. ಅವುಗಳನ್ನು ಒಗೆದು, ಕ್ಷಮಾಪಣೆ ಪತ್ರ ಇಟ್ಟು, ಅಂಚೆಯಲ್ಲಿ ಕಳಿಸಿದಳು. ಒಂದು ಕಂಪನಿ ಉತ್ತರವನ್ನೇ ಬರೆಯಲಿಲ್ಲ. ಇನ್ನೊಂದು ಕಂಪನಿ ನಿಮ್ಮ ಪ್ರಾಮಾಣಿಕತೆಗೆ ಧನ್ಯವಾದ ಅಂತ ಬರೆದು, ಜೊತೆಗೆ ಹೊಸದೊಂದು ಕಂಬಳಿ ಕಳಿಸಿತು.

ಅಷ್ಟರಲ್ಲಿ ಮಾವನ ತಂಗಿಯ ಮಗನ ಮದುವೆ ಬಂತು. ಆ ಊರಿಗೆ ಹಾರುತ್ತಿದ್ದದ್ದು ಮಾವನಿಗೆ ನಿಷೇಧ ಹಾಕಿದ ಆ ಒಂದೇ ಕಂಪನಿಯ ವಿಮಾನ. ಹಾಗಾಗಿ ಮಾವ ಇಪ್ಪತ್ತಾರು ಗಂಟೆ ರೈಲಿನಲ್ಲಿ ಹೋದರು, ಅತ್ತೆ ಎರಡು ಗಂಟೆಯಲ್ಲಿ ಹಾರಿ ಹೋಗಿ ಸ್ಟೇಷನ್ನಿಗೆ ಬಂದು ಅವರನ್ನು ಇಳಿಸಿಕೊಂಡಳು. ಮಾವ ಬೇಸರಪಟ್ಟುಕೊಳ್ಳಲಿಲ್ಲ. ರೈಲಿನಲ್ಲಿ ಎದುರು ಕೂತ ಯಜಮಾನರೊಬ್ಬರ ಸೆಟ್ಟು ಸಡಿಲವಾಗಿತ್ತಂತೆ, ದಾರಿಯಲ್ಲೇ ಉಜ್ಜಿ ಸರಿಮಾಡಿ ಕೊಟ್ಟರಂತೆ.

ವರ್ಷ ಮುಗಿದ ಮೇಲೆ ಇಬ್ಬರೂ ಒಟ್ಟಿಗೆ ಅದೇ ಕಂಪನಿಯ ವಿಮಾನ ಹತ್ತಿದರು. ನಾನೂ ಇದ್ದೆ, ಹಿಂದಿನ ಸಾಲಿನಲ್ಲಿ. ಪರಿಚಾರಿಕೆ ಹಳದಿ ಅಂಗಿ ತೊಟ್ಟು ತೋರಿಸುವಾಗ ಮಾವ ನೆಲ ನೋಡುತ್ತಾ ಕೂತಿದ್ದರು. ಪಕ್ಕದ ಸೀಟಿನ ಅಜ್ಜಿಗೆ ಅನುಮಾನ. ನಿಜಕ್ಕೂ ಕೆಳಗೆ ಅದು ಇರುತ್ತೇನಪ್ಪ ಅಂತ ಅವರನ್ನೇ ಕೇಳಿದರು. ಮಾವ ಬಗ್ಗಿ ಮೂರು ಸೀಟಿನ ಕೆಳಗೂ ಕೈಯಾಡಿಸಿ, ಎದ್ದು, ಇದೆ ಅಜ್ಜಿ, ಮೂರೂ ಇವೆ ಅಂದರು. ಅಜ್ಜಿ ನೆಮ್ಮದಿಯಿಂದ ಕಣ್ಣು ಮುಚ್ಚಿದರು. ಅತ್ತೆ ಮಾತ್ರ ವಿಮಾನ ಇಳಿಯುವ ತನಕ ಮಾವನ ಎಡಗೈಯನ್ನು ಹಿಡಿದುಕೊಂಡೇ ಕೂತಿದ್ದಳು. ಪ್ರೀತಿಗೋ ಮುನ್ನೆಚ್ಚರಿಕೆಗೋ ಅಂತ ಆಮೇಲೆ ಕೇಳಿದ್ದಕ್ಕೆ, ಎರಡೂ ಒಂದೇ ಅಲ್ವೇನೇ ಅಂದಳು.