ಎರಡು ಹೆಸರು ನುಂಗಿದ ಪ್ರೋಗ್ರಾಂ

ಲಗ್ನಪತ್ರಿಕೆಯಲ್ಲಿ ಹೆಸರು ಬಿಟ್ಟುಹೋಯಿತೆಂದು ಸಂಬಂಧ ಕಡಿದುಕೊಂಡವರ ಪಟ್ಟಿ ಮಾಡಿದರೆ, ಅದನ್ನು ಅಚ್ಚುಹಾಕುವುದಕ್ಕೇ ನಮ್ಮ ಪ್ರೆಸ್ಸಿಗೆ ಒಂದು ವಾರ ಬೇಕಾಗುತ್ತಿತ್ತು. ಆಗ ನಾನು ಗಜೇಂದ್ರಗಡದ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಂಪ್ಯೂಟರಿನ ಮುಂದೆ ಕೂರುತ್ತಿದ್ದೆ. ಮನೆ ರಾಜೂರಿನಲ್ಲಿ. ಪ್ರೆಸ್ಸಿನ ಮಾಲೀಕರನ್ನು ಓಣಿಯೆಲ್ಲ ಚಾಚಾ ಎನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ.

ಮದುವೆ ಮನೆಯವರು ಹೆಸರುಗಳನ್ನು ಬರೆದು ತರುತ್ತಿದ್ದ ಚಂದವೇ ಬೇರೆ. ತಂದೆಯ ಕಡೆಯವರದು ಒಂದು ಚೀಟಿ, ತಾಯಿಯ ಕಡೆಯವರದು ಇನ್ನೊಂದು, ಬಸ್ಸಿನಲ್ಲಿ ನೆನಪಾದವರದು ಹರಿದ ಕ್ಯಾಲೆಂಡರಿನ ಹಿಂದೆ. ಒಬ್ಬನೇ ಮಾವ ಮೂರರಲ್ಲೂ ಇರುತ್ತಿದ್ದ. ಅವನು ಕಾರ್ಡಿನಲ್ಲಿ ಎರಡು ಸಲ ಬಂದುಬಿಟ್ಟರೆ ಉಳಿದ ಮಾವಂದಿರು ಮುಖ ಊದಿಸಿಕೊಳ್ಳುತ್ತಿದ್ದರು.

ನಾನಾಗ ವೆಬ್ ಪುಟ ಮಾಡುವ ಪಿಎಚ್‌ಪಿ ಕಲಿಯುತ್ತಿದ್ದೆ. ಅಕ್ಷರಗಳ ಸಾಲಿಗೆ ಅಲ್ಲಿ ಸ್ಟ್ರಿಂಗ್ ಎನ್ನುತ್ತಾರೆ. ಬ್ರೌಸರಿನಲ್ಲಿ ತೆರೆಯುವ ಒಂದು ಪುಟ ಮಾಡಿದೆ. ಮೂರೂ ಚೀಟಿಯ ಹೆಸರುಗಳನ್ನು ಒಂದೇ ಚೌಕದಲ್ಲಿ ಟೈಪ್ ಮಾಡಿ ಬಟನ್ ಒತ್ತಿದರೆ, ಅಲ್ಪವಿರಾಮ ಕಂಡಲ್ಲೆಲ್ಲ ಅದು ಸಾಲನ್ನು ಒಡೆಯುತ್ತಿತ್ತು. ಅಷ್ಟು ಸಣ್ಣ ಕೆಲಸಕ್ಕೆ ಎಕ್ಸ್‌ಪ್ಲೋಡ್ ಎಂಬ ಹೆಸರು, ಕಲ್ಲಿನ ಗಣಿಯಲ್ಲಿ ಮದ್ದು ಹಾರಿಸುವವರಂತೆ. ಹೆಸರಿನ ಹಿಂದುಮುಂದಿನ ಖಾಲಿ ಜಾಗವನ್ನು ಟ್ರಿಮ್ ಎಂಬ ಇನ್ನೊಂದು ಆಜ್ಞೆ ಸವರಿಹಾಕುತ್ತಿತ್ತು. ಕೊನೆಗೆ, ಅಕ್ಷರಕ್ಕೆ ಅಕ್ಷರ ಹೊಂದುವ ಹೆಸರುಗಳಿದ್ದರೆ ಒಂದನ್ನು ಇಟ್ಟುಕೊಂಡು ಉಳಿದವನ್ನು ಬಿಸಾಕುತ್ತಿತ್ತು. ಹತ್ತೇ ಸಾಲಿನ ಪ್ರೋಗ್ರಾಂ. ಅದು ಸರಿಯಾಗಿ ಓಡಿದ ದಿನ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅಷ್ಟರಲ್ಲಿ ನಮ್ಮಣ್ಣನ ಮದುವೆ ಬಂತು. ಅಜ್ಜಿಗೆ ನಾಲ್ವರು ಗಂಡುಮಕ್ಕಳು: ರೋಣದ ದೊಡ್ಡಪ್ಪ, ನಮ್ಮಪ್ಪ, ಊರಲ್ಲೇ ಇರುವ ಒಬ್ಬ ಕಾಕಾ, ನರಗುಂದದ ಸಣ್ಣ ಕಾಕಾ. ಆಸ್ತಿ ಪಾಲಾದ ಮೇಲೆ ಆ ನಾಲ್ವರೂ ಒಂದು ಪಂಕ್ತಿಯಲ್ಲಿ ಕೂತು ಉಂಡಿರಲಿಲ್ಲ. ಈ ಮದುವೆಯಲ್ಲಿ ಅದೊಂದನ್ನು ನೋಡಬೇಕೆಂಬುದು ಅಜ್ಜಿಯ ಹಟ. ಸೀರೆ ಬೇಡ, ಬಳೆ ಬೇಡ, ಅದಷ್ಟೇ ಬೇಕು ಎನ್ನುತ್ತಿದ್ದಳು.

ಕಾರ್ಡು ಮಾಡುವ ಜವಾಬ್ದಾರಿ ನನ್ನದು. ಚಾಚಾ ಹೇಳಿದರು, "ಮನ್ಯಾಗ ಒಬ್ರು ಓದ್ಲಿ ಬೇಟಿ, ಆಮ್ಯಾಲೆ ಅಚ್ಚು ಹಾಕೂಣು." ನನಗೆ ಸಿಟ್ಟು ಬಂತು. ಅಪ್ಪ ಓದಿ ನೋಡಲು ಕೇಳಿದಾಗಲೂ, "ಮಷೀನ ನೋಡೇತಿ ಬಿಡಪಾ, ನೀ ಚಾಳೀಸ ಹಾಕ್ಕೊಂಡು ಹೊಸದೇನ ಹುಡುಕ್ತಿ?" ಎಂದುಬಿಟ್ಟೆ.

ನಮ್ಮ ಕಡೆ ಮೊದಲ ಮೊಮ್ಮಗನಿಗೆ ಅಜ್ಜನ ಹೆಸರಿಡುತ್ತಾರೆ. ನಾಲ್ಕು ಮನೆಯಾದರೆ ನಾಲ್ಕು ಮನೆಯಲ್ಲೂ ಇಡುತ್ತಾರೆ. ನಮ್ಮಣ್ಣ ವರನಾಗಿ ಮೇಲೆ ದೊಡ್ಡ ಅಕ್ಷರದಲ್ಲಿದ್ದ. ಉಳಿದ ಮೂವರು ಕೆಳಗಿನ ಪಟ್ಟಿಯಲ್ಲಿ ಬರಬೇಕಿತ್ತು. ಅಲ್ಲಿ ತಂದೆಯ ಹೆಸರಿಗೆ ಜಾಗವಿಲ್ಲ, ಹೆಸರು ಮತ್ತು ಅಡ್ಡಹೆಸರು ಮಾತ್ರ. ನನ್ನ ಪ್ರೋಗ್ರಾಂ ಮೂವರನ್ನೂ ಹೋಲಿಸಿ ನೋಡಿ, ಒಬ್ಬನನ್ನು ಇಟ್ಟುಕೊಂಡು ಇಬ್ಬರನ್ನು ನುಂಗಿತು.

ಕಾರ್ಡು ಹಂಚಿದೆವು. ರೋಣದ ದೊಡ್ಡಪ್ಪ ತನ್ನ ಮಗನ ಹೆಸರು ಓದಿ ಖುಷಿಪಟ್ಟ. ಊರ ಕಾಕಾನೂ ತನ್ನ ಮಗನ ಹೆಸರು ಓದಿ ಖುಷಿಪಟ್ಟ. ಇಬ್ಬರೂ ಓದಿದ್ದು ಅದೇ ಒಂದು ಹೆಸರನ್ನು. ನರಗುಂದದ ಕಾಕಾ ಮಾತ್ರ ಲೆಕ್ಕ ಹಾಕಿ ಫೋನ್ ಮಾಡಿದ. ಅವನ ದನಿ ರಿಸೀವರಿನಿಂದ ಅಂಗಳದವರೆಗೂ ಕೇಳುತ್ತಿತ್ತು.

"ಕಾರ್ಡಿನ್ಯಾಗ ನನ್ನ ಮಗನ ಹೆಸರ ಇಲ್ಲಲಾ!"

"ಐತಿ ನೋಡೋ, ಕೆಳಗ ಎರಡನೇ ಸಾಲಿನ್ಯಾಗ," ಎಂದ ಅಪ್ಪ.

"ಅದು ರೋಣದಾಂವಂದು."

"ನಿನ್ನ ಮಗಂದ ಅಂತ ತಿಳ್ಕೊ."

"ಹಂಗಾರ ರೋಣದಾಂವಂದು ಎಲ್ಲೈತಿ?"

ವಿಷಯ ತಿಳಿದ ಚಾಚಾ ಹೊಸ ಕಾರ್ಡು ಹಾಕಿಕೊಡುತ್ತೇನೆಂದರು, ಅದನ್ನು ಹೇಳಲು ಅಪ್ಪ ಮತ್ತೆ ಫೋನ್ ಮಾಡಿದ. ಮರೆತು ಆಮೇಲೆ ಸೇರಿಸಿದ ಹೆಸರು ತನಗೆ ಬೇಡ, ಮದುವೆಗೂ ಬರುವುದಿಲ್ಲ ಎಂದು ಕಾಕಾ ಫೋನಿಟ್ಟ. ಅಜ್ಜಿ ಆ ದಿನ ಉಣ್ಣಲಿಲ್ಲ. ನನಗೆ ನನ್ನ ಹತ್ತು ಸಾಲಿನ ಮೇಲೆ, ಅದಕ್ಕಿಂತ ನನ್ನ ಬಾಯಿಯ ಮೇಲೆ ಅಸಹ್ಯವಾಯಿತು.

ಮರುದಿನ ಅಜ್ಜಿ ನನ್ನನ್ನು ಎಬ್ಬಿಸಿಕೊಂಡು ಹೊರಟಳು. ರೋಣದಲ್ಲಿ ಬಸ್ಸು ಬದಲಿಸಿ ನರಗುಂದ ಮುಟ್ಟಿದೆವು. ಕಾಕಾ ಚಾಪೆ ಹಾಸಿದ, ಚಹಾ ಕೊಡಿಸಿದ, ಮುಖ ಮಾತ್ರ ಗೋಡೆಗೆ ಮಾಡಿಕೊಂಡು ಕೂತ. ನಾನು ಸ್ಟ್ರಿಂಗ್, ಹೋಲಿಕೆ ಎಂದು ಬಡಬಡಿಸಿದೆ. ಕಂಪ್ಯೂಟರಿಗೆ ಮನುಷ್ಯರು ಕಾಣುವುದಿಲ್ಲ, ಅಕ್ಷರ ಮಾತ್ರ ಕಾಣುತ್ತವೆ ಎಂದೆ.

"ಅದಕ್ಕ ಹಂಗ ಹೇಳಿಕೊಟ್ಟಾಕಿ ಯಾರು?" ಎಂದ ಕಾಕಾ.

"ನಾನ ಕಾಕಾ. ತಪ್ಪು ನಂದ."

ಅವನು ಕದಲಲಿಲ್ಲ. ಅಜ್ಜಿ ಕಪ್ಪು ಕೆಳಗಿಟ್ಟು ಎದ್ದಳು. ಹಿತ್ತಲಲ್ಲಿ ಅವನ ಮಗ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದ. ಹಿತ್ತಲ ಬಾಗಿಲಲ್ಲಿ ನಿಂತು, ಸೆರಗು ತಲೆಯ ಮೇಲೆ ಎಳೆದುಕೊಂಡು, ಅಜ್ಜಿ ಅವನ ಹೆಸರು ಹಿಡಿದು ಕೂಗಿದಳು. ಗಂಡನ ಹೆಸರು ಹೇಳಬಾರದೆಂದು ಆ ನಾಲ್ವರು ಮೊಮ್ಮಕ್ಕಳನ್ನೂ ಅವಳು ಅವರು ಹುಟ್ಟಿದಾಗಿನಿಂದ ದೊಡ್ಡಾಂವ, ಕೆಂಪಾಂವ, ರೋಣದಾಂವ, ನರಗುಂದದಾಂವ ಎಂದೇ ಕರೆದವಳು. ಆ ಹೆಸರನ್ನು ಅವಳ ಬಾಯಲ್ಲಿ ನಾವ್ಯಾರೂ ಕೇಳಿರಲಿಲ್ಲ. ಅಜ್ಜ ತೀರಿಕೊಂಡ ದಿನವೂ ಕೇಳಿರಲಿಲ್ಲ.

ಅವನು ಕೈ ಒರೆಸಿಕೊಳ್ಳುತ್ತ ಬಂದ. "ನಿಮ್ಮಣ್ಣನ ಮದುವಿಗೆ ಕರ್ಯಾಕ ಬಂದೀನಿ, ಬಾ," ಎಂದಳು. ಮತ್ತೊಮ್ಮೆ ಆ ಹೆಸರು ಹೇಳಿದಳು.

ಕಾಕಾ ದಡಕ್ಕನೆ ಎದ್ದುನಿಂತ. "ಯವ್ವಾ, ಅಪ್ಪನ ಹೆಸರ ತಗೊಂಡೆಲ್ಲ!"

"ಇದು ನಿಮ್ಮಪ್ಪಂದಲ್ಲ," ಎಂದಳು ಅಜ್ಜಿ. "ಇವಂದು."